ಹೆಡ್‌ಮಾಸ್ಟರನ್ನು ಕುದಿಸುವ ಕ್ರಮ

ಮೊನ್ನೆ ಹಾಸನದ ಗ್ರಂದಿಗೆ ಅಂಗಡಿಯಲ್ಲಿ ನಿಂತು, ಬೇರು-ಚಕ್ಕೆ ಮಾರುವ ಆ ಗಂಭೀರ ಮನುಷ್ಯನಿಗೆ “ನೂರು ಗ್ರಾಂ ಹೆಡ್‌ಮಾಸ್ಟ್ರು ಕೊಡಿ” ಎಂದುಬಿಟ್ಟೆ. ತಕ್ಕಡಿ ಹಿಡಿದವನು ಹಾಗೇ ನಿಂತ. ನನ್ನ ಪಕ್ಕದಲ್ಲಿದ್ದ ಹೆಂಗಸು ಅರ್ಧ ಹೆಜ್ಜೆ ಹಿಂದೆ ಸರಿದಳು. ಸರಿಯಾದ ಹೆಸರು ನನಗೆ ಗೊತ್ತಿಲ್ಲವೆಂದಲ್ಲ, ಚೆನ್ನಾಗಿ ಗೊತ್ತು. ಆದರೆ ಅದು ನಾಲಗೆಯ ತುದಿಯವರೆಗೆ ಬಂದು ವಾಪಸ್ ಹೋಗುತ್ತದೆ. ಇಪ್ಪತ್ತು ವರ್ಷಕ್ಕೂ ಹಿಂದೆ ಒಬ್ಬ ಹೊಲಿಗೆ ಟೀಚರ್ ನನ್ನ ನಾಲಗೆಗೆ ಕಲಿಸಿದ ಪಾಠ, ಇನ್ನೂ ಬಿಟ್ಟಿಲ್ಲ. ಕೊನೆಗೆ ಡಬ್ಬದ ಕಡೆ ಬೆರಳು ಮಾಡಿ, ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡು, ಪೊಟ್ಟಣ ಕಟ್ಟಿಸಿಕೊಂಡು ಓಡಿ ಬಂದೆ. ಮನೆಗೆ ಬಂದ ಮೇಲೂ ನಗು ನಿಲ್ಲಲಿಲ್ಲ. ನಗುತ್ತಾ ನಗುತ್ತಾ, ಹೋದ ಕಾರ್ತಿಕದಲ್ಲಿ ಟೀಚರ್ ಹೋಗಿಬಿಟ್ಟರಲ್ಲ ಎಂದು ನೆನಪಾಯಿತು. ಐದು ನಿಮಿಷ ಅತ್ತೆ. ಆಮೇಲೆ ಆ ಅಂಗಡಿಯವನ ಮುಖ ನೆನಪಾಗಿ ಮತ್ತೆ ನಗು ಬಂತು.

ತೊಂಬತ್ತರ ದಶಕದ ಕೊನೆ. ಯಸಳೂರು ಹೋಬಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನನಗೆ ಮೊದಲ ನೇಮಕ. ನಾನು ಅರಸೀಕೆರೆ ಕಡೆಯವಳು, ನೇರ ರಸ್ತೆ ಬಿಟ್ಟು ಬೇರೆ ರಸ್ತೆ ಕಂಡವಳಲ್ಲ. ಸಕಲೇಶಪುರದಲ್ಲಿ ಹತ್ತಿದ ಬಸ್ಸು ತಿರುವಿಗೊಂದು ಸಲ ನನ್ನ ಹೊಟ್ಟೆಯನ್ನು ಗಂಟಲಿಗೆ ತಂದು, ಶಾಲೆಯ ಎದುರು ಇಳಿಸಿ ಹೋಯಿತು. ನಾನು ಟ್ರಂಕಿನ ಮೇಲೆ ಕೂತು ಗೊಳೋ ಎಂದು ಅತ್ತೆ. ಆಗ ಬಂದರು ಇವರು. ಕುಳ್ಳಗೆ, ದುಂಡಗೆ, ಹಣೆಯ ಮೇಲೆ ಮೂರೆಳೆ ವಿಭೂತಿ, ಕೊರಳಲ್ಲಿ ಅಳತೆ ಟೇಪು, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ. ನನ್ನ ಗಲ್ಲ ಹಿಡಿದು, ರವಿಕೆಗೆ ಅಳತೆ ತೆಗೆಯುವವರಂತೆ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡು, “ಹಿಂದಿನ್ ಸೀಟಲ್ಲಿ ಕೂತ್ಕಂಡಿದ್ದೆ ತಾನೆ? ಬಾ ಮಾರಾಯ್ತಿ, ಇನ್‌ಸ್ಪೆಕ್ಟ್ರುದು ಎರಡೆಲೆ ಅಗಿ, ಸರಿ ಹೋಯ್ತದೆ” ಎಂದರು.

ನನ್ನ ಅಳು ತಟ್ಟನೆ ನಿಂತಿತು. ಹೆದರಿಕೆಗೆ ನಿಂತದ್ದು. ಇನ್‌ಸ್ಪೆಕ್ಟರ್ ಎಂದರೆ ಪುದೀನ ಎಂದು ತಿಳಿಯುವ ಹೊತ್ತಿಗೆ ಎರಡು ಎಲೆ ನನ್ನ ಬಾಯಲ್ಲಿತ್ತು, ಹೊಟ್ಟೆ ತೊಳಸುವುದು ಎಲ್ಲೋ ಹೋಗಿತ್ತು. ಒಂದು ಮೂಲೆಯಲ್ಲಿ ನೆಟ್ಟರೆ ಹೇಳದೆ ಕೇಳದೆ ಇನ್ನೊಂದು ಮೂಲೆಯಲ್ಲಿ ಏಳುತ್ತದೆ, ಯಾವತ್ತು ಎಲ್ಲಿ ಪ್ರತ್ಯಕ್ಷವಾಗುತ್ತದೋ ಶಿವನಿಗೇ ಗೊತ್ತು, ಅದಕ್ಕೇ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದೇನೆ ಎಂದು ಅವರು ನಡೆಯುತ್ತಲೇ ವಿವರಿಸಿದರು. ನನಗೊಂದು ಬಾಡಿಗೆ ಕೋಣೆ ಸಿಗುವವರೆಗೆ ಎಂದು ತಮ್ಮ ಕ್ವಾರ್ಟರ್ಸಿನಲ್ಲಿ ಜಾಗ ಕೊಟ್ಟರು. ಮದುವೆಯಾಗುವವರೆಗೆ ನಾನು ಬೇರೆ ಕೋಣೆ ಹುಡುಕಲೇ ಇಲ್ಲ.

ಆ ಕ್ವಾರ್ಟರ್ಸಿನ ಹಿತ್ತಲು ಅವರ ಹನ್ನೊಂದು ವರ್ಷದ ದುಡಿಮೆ. ಒಡೆದ ಸಿಮೆಂಟ್ ಕುಂಡ, ತೂತಾದ ಬಕೆಟ್ಟು, ದೋಣಿಗಲ್ಲಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅವರ ಗಂಡ ಪ್ರತಿ ಶನಿವಾರ ಹೊತ್ತು ತರುತ್ತಿದ್ದ ಹಳೇ ಎಣ್ಣೆ ಟಿನ್ನು, ಎಲ್ಲದರಲ್ಲೂ ಒಂದೊಂದು ಗಿಡ. ಹೆಚ್ಚಿನವು ಅತ್ತೆಯ ಮನೆಯಿಂದ ಬಂದವು. ಗಿಡಗಳ ಜೊತೆ ಅತ್ತೆಯ ಒಂದು ಕಟ್ಟಳೆಯೂ ಬಂದಿತ್ತು. ಅಡುಗೆಗೆ ಹಾಕುವ ಸೊಪ್ಪಿನ ಮಾತು ಬೇರೆ, ಆದರೆ ನಲವತ್ತೆಂಟು ದಿನ ಪಥ್ಯದಲ್ಲಿ ಕುಡಿಯುವ ಮದ್ದಿನ ಗಿಡವಿದೆಯಲ್ಲ, ಅದನ್ನು ಕೊಡುವವರ ಬಾಯಿ ಹೆಸರು ಹೇಳಬಾರದು, ಕುಡಿಯುವವರ ಕಿವಿ ಹೆಸರು ಕೇಳಬಾರದು. ನಡುವೆ ಹೆಸರು ಕಿವಿಗೆ ಬಿತ್ತೋ ಮದ್ದು ಸಪ್ಪೆ. ಮತ್ತೆ ಮೊದಲನೇ ದಿನದಿಂದ ಶುರು. ಬಾಳ್ಳುಪೇಟೆಯ ಹೋಟೆಲಿನ ಹೆಂಗಸೊಬ್ಬರು ಮಂಡಿನೋವಿಗೆ ಟೀಚರ ಮದ್ದನ್ನು ಮೂವತ್ತೊಂದು ದಿನ ಕುಡಿದಿದ್ದರಂತೆ. ಟೀ ಕುಡಿಯಲು ಬಂದ ಲಾರಿ ಡ್ರೈವರೊಬ್ಬ ಪಾತ್ರೆಗೆ ಇಣುಕಿ, ಓ ಇದಾ ಎಂದು ಹೆಸರು ಹೇಳಿಯೇಬಿಟ್ಟ. ಆಕೆ ಅಳುತ್ತಾ ಬಸ್ಸು ಹತ್ತಿ ಬಂದು ಮೊದಲಿಂದ ಶುರು ಮಾಡಿದರು. ಆ ಡ್ರೈವರಿಗೆ ಅಲ್ಲಿಂದ ಮುಂದೆ ಆ ಹೋಟೆಲಿನಲ್ಲಿ ಎರಡನೇ ಸಲ ಚಟ್ನಿ ಸಿಗಲಿಲ್ಲ.

ಈಗ ತೊಂದರೆ ಏನೆಂದರೆ, ಟೀಚರಿಗೆ ಬಾಯಿ ಮುಚ್ಚಿಕೊಂಡಿರಲು ಬರುತ್ತಿರಲಿಲ್ಲ. ಒಲೆಯ ಜೊತೆ ಮಾತು, ಹೊಲಿಗೆ ಯಂತ್ರದ ಜೊತೆ ಮಾತು, ಗಿಡಗಳ ಜೊತೆಗಂತೂ ಜಗಳವೇ. ಮದುವೆಯಾದ ಹೊಸದರಲ್ಲಿ ಅತ್ತೆಯ ಭಯಕ್ಕೆ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಸೊಪ್ಪು ಕೀಳುತ್ತಿದ್ದರಂತೆ. ಒಂದು ಸಲ ನಗು ಬಂದು ಸೂಜಿ ಗಂಟಲ ಹತ್ತಿರ ಹೋಗಿ, ಅತ್ತೆಯೇ ಬೆನ್ನಿಗೆ ಗುದ್ದಿ ಉಳಿಸಿಕೊಂಡರು. ಆಮೇಲೆ ಇವರೇ ಕಂಡುಕೊಂಡ ದಾರಿ ಇದು: ಗಿಡದ ಹೆಸರು ತಾನೇ ಹೇಳಬಾರದು? ಬೇರೆ ಹೆಸರಿಟ್ಟರಾಯಿತು. ಯಾರ ಹೆಸರು? ಶಾಲೆಯಲ್ಲಿ ಇದ್ದೇವಲ್ಲ ನಾವೆಲ್ಲ. ಮಾತಿನ ಹುಮ್ಮಸ್ಸಿನಲ್ಲಿ ಕಟ್ಟಳೆ ಇಲ್ಲದ ಗಿಡಗಳಿಗೂ ಹೆಸರಿಟ್ಟು ಮುಗಿಸಿದರು. ಮೇಲೆಲ್ಲ ಮುಳ್ಳು, ಒಳಗೆ ಬರೀ ಲೋಳೆ ಇರುವ ಲೋಳೆಸರ ನಮ್ಮ ಲೆಕ್ಕದ ಮೇಷ್ಟ್ರು. ಒಂದು ಸಲ ಮುಟ್ಟಿದರೆ ಮೂರು ಗಂಟೆ ಬಿಡದ ದೊಡ್ಡಪತ್ರೆ ಕನ್ನಡ ಪಂಡಿತರು. ಮಾತು ಮಾತಿಗೆ ಅಳುತ್ತಿದ್ದ ನಾನು ಬಂದ ವಾರಕ್ಕೇ ಮುಟ್ಟಿದರೆ ಮುನಿ ಆದೆ. ಮುಟ್ಟಿದರೆ ಮುನಿಯನ್ನು ಅರೆದು ಎಲ್ಲಿಗೆ ಹಚ್ಚುತ್ತಾರೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಆ ವ್ಯಾಧಿ ಇರುವವರಿಗೆ ಗೊತ್ತಿರುತ್ತದೆ.

ಇನ್ನು ಹೆಡ್‌ಮಾಸ್ಟರ್. ಅದು ಪಥ್ಯದ ಗಿಡ, ಹಾಗಾಗಿ ಅದರ ನಿಜವಾದ ಹೆಸರನ್ನು ನಿಮಗೂ ಹೇಳುವುದಿಲ್ಲ. ನಿಮ್ಮಲ್ಲಿ ಯಾರು ಎಷ್ಟನೇ ದಿನದಲ್ಲಿದ್ದೀರೋ ನನಗೇನು ಗೊತ್ತು. ನೋಡಲು ಸಣ್ಣದು, ಎಲೆಯೂ ಸಣ್ಣದು, ಆದರೆ ಬಾಯಿಗಿಟ್ಟರೆ ಆ ಕಹಿ ಮೂರು ದಿನ ಮರೆಯುವುದಿಲ್ಲ ಎಂದಷ್ಟೇ ಹೇಳಬಹುದು. ನಮ್ಮ ಹೆಡ್‌ಮಾಸ್ಟರೂ ಥೇಟ್ ಹಾಗೇ ಇದ್ದರು.

ಅವರ ಮದ್ದಿನ ಮನೆಯೂ ಹೊಲಿಗೆ ಮನೆಯೂ ಒಂದೇ. ಕಷಾಯ ಸೋಸುವುದು ರವಿಕೆಯ ಲೈನಿಂಗ್ ಬಟ್ಟೆಯಲ್ಲಿ. ಪುಡಿ ಅಳೆಯುವುದು ಹೊಲಿಯುವಾಗ ಬೆರಳಿಗೆ ಹಾಕುವ ತಗಡಿನ ಟೋಪಿಯಲ್ಲಿ. ದೊಡ್ಡವರಿಗೆ ಎರಡು ಟೋಪಿ, ಮಕ್ಕಳಿಗೆ ಅರ್ಧ. ಬಾಟಲಿಗಳ ಮೇಲೆ ಹೆಸರು ಬರೆಯುವಂತಿಲ್ಲವಲ್ಲ, ಅದಕ್ಕೆ ಒಂದೊಂದು ಬಾಟಲಿಯ ಬಾಯಿಗೂ ಬಟ್ಟೆಯ ಕುಲಾವಿ ಹೊಲಿದು, ಅದರ ಮೇಲೆ ಗುರುತಿಗೆ ಕಸೂತಿ ಹಾಕುತ್ತಿದ್ದರು. ಕೆಮ್ಮಿಗೆ ಸರಪಳಿ ಹೊಲಿಗೆ, ಜ್ವರಕ್ಕೆ ಗಂಟು ಹೊಲಿಗೆ, ಹೊಟ್ಟೆನೋವಿಗೆ ಓಟದ ಹೊಲಿಗೆ. ಹೊಟ್ಟೆಗೇಕೆ ಓಟದ್ದು ಎಂದು ಕೇಳಿದ್ದಕ್ಕೆ, ಕುಡಿದು ನೋಡು ಗೊತ್ತಾಗ್ತದೆ ಎಂದರು. ಕುಡಿದೆ, ಗೊತ್ತಾಯಿತು.

ಎಲ್ಲವೂ ಸರಿಯಾಗಿಯೇ ಆಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಒಂದು ವರ್ಷ ನೆಲ್ಲಿಕಾಯಿಯನ್ನು ಬೆಲ್ಲದಲ್ಲಿ ಹಾಕಿ, ಬಾಟಲಿಗಳಿಗೆ ಬಿರಡೆ ಜಡಿದು, ಬೆಚ್ಚಗಿರಲೆಂದು ಶಾಲೆಯ ವಿಜ್ಞಾನದ ಬೀರುವಿನಲ್ಲಿ ಮುಚ್ಚಿಟ್ಟಿದ್ದರು. ಸ್ವಾತಂತ್ರ್ಯ ದಿನಾಚರಣೆ ಬಂತು. ಹೆಡ್‌ಮಾಸ್ಟರು ಭಾಷಣದಲ್ಲಿ, ನಮ್ಮ ಹಿರಿಯರು ಬ್ರಿಟಿಷರ ಗುಂಡಿಗೆ ಎದೆಯೊಡ್ಡಿದರು ಎನ್ನುವುದಕ್ಕೂ, ಒಳಗೆ ಬೀರುವಿನಲ್ಲಿ ಢಮಾರ್ ಎನ್ನುವುದಕ್ಕೂ ಸರಿಹೋಯಿತು. ಹೆಡ್‌ಮಾಸ್ಟರು ಧ್ವಜಕಂಬದ ಹಿಂದೆ ನಿಂತುಬಿಟ್ಟರು. ಇನ್ನೂ ಎರಡು ಬಾಟಲಿ ಸಿಡಿಯಿತು. ಮಕ್ಕಳು ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಜೋರಾಗಿ ಜೈಕಾರ ಹಾಕಿದರು.

ನನ್ನ ಹೆಣ್ಣು ನೋಡುವ ಶಾಸ್ತ್ರದ ಹಿಂದಿನ ದಿನ, ಕೂದಲು ಕಪ್ಪಗೆ ಹೊಳೆಯಲಿ ಎಂದು ಗರುಗದ ಸೊಪ್ಪಿನ ಎಣ್ಣೆಯನ್ನು ಅರ್ಧ ಬಾಟಲಿ ತಲೆಗೆ ಸುರಿದದ್ದೂ ಇವರೇ. ಗಂಡಿನ ಕಡೆಯವರ ಮುಂದೆ ಕಾಫಿ ಲೋಟ ಹಿಡಿದು ನಿಂತಾಗ, ಸೆಕೆಗೆ ಎಣ್ಣೆ ಕರಗಿ ನನ್ನ ಹಣೆಯಿಂದ ಎರಡು ಹಸಿರು ಕಾಲುವೆ ಹರಿದು ಬಂತು. ಆ ಹುಡುಗ ನಗುತ್ತಾ ತನ್ನ ಕರ್ಚೀಫು ಕೊಟ್ಟ. ಈಗಲೂ ನಮ್ಮ ಮನೆಯಲ್ಲಿ ಜಗಳವಾದಾಗ, ಆವತ್ತು ಹಸಿರು ನಿಶಾನೆ ತೋರಿಸಿದವಳು ನೀನೇ ಅಲ್ಲವೇ ಎನ್ನುತ್ತಾರೆ ನನ್ನ ಗಂಡ.

ನಮ್ಮ ಹೆಡ್‌ಮಾಸ್ಟರು ಪೇಟೆಯಲ್ಲಿ ಬೆಳೆದವರು, ಕಾಫಿ ಗಿಡಕ್ಕೂ ದಾಸವಾಳಕ್ಕೂ ವ್ಯತ್ಯಾಸ ಗೊತ್ತಿಲ್ಲದವರು. ಹಿತ್ತಲ ಮದ್ದು ಎಂದರೆ ಅವರಿಗೆ ಆಗುತ್ತಿರಲಿಲ್ಲ. ಸೊಪ್ಪು ತಿನ್ನುವುದಕ್ಕೆ ಮೇಕೆಗಳಿವೆ, ಮನುಷ್ಯರಿಗೆ ಡಾಕ್ಟರಿದ್ದಾರೆ ಎಂದು ಟೀಚರ ಎದುರೇ ಹೇಳುತ್ತಿದ್ದರು. ಅಂಥವರಿಗೆ ಎರಡು ವರ್ಷದಿಂದ ಪಿತ್ತಗಂಧೆ. ಮೈಮೇಲೆ ದದ್ದು ಎದ್ದು ತುರಿಕೆ ಶುರುವಾದರೆ, ಪ್ರಾರ್ಥನೆಯ ನಡುವೆಯೇ ಒಂದಡಿಯ ಮರದ ಸ್ಕೇಲನ್ನು ಅಂಗಿಯ ಕಾಲರಿನೊಳಗೆ ಇಳಿಸಿ ಪರಪರ ಕೆರೆದುಕೊಳ್ಳುತ್ತಿದ್ದರು. ನಾನು ಸೇರಿದ ವರ್ಷ ಮಾತ್ರ ಒಂದು ತಿಂಗಳಿಂದ ಸ್ಕೇಲು ಮೇಜಿನ ಮೇಲೆ ತಣ್ಣಗೆ ಮಲಗಿತ್ತು. ಹೆಂಡತಿ ಹಾಸನದ ಡಾಕ್ಟರ ಹತ್ತಿರ ಯಾವುದೋ ಟಾನಿಕ್ ತರಿಸಿದ್ದಾಳೆ, ವಿಷದಂಥ ಕಹಿ, ಆದರೆ ಇಂಗ್ಲಿಷ್ ಮೆಡಿಸಿನ್ ಅಂದರೆ ಹೀಗಿರಬೇಕು ನೋಡಿ ಎಂದು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿದರು. ಟೀಚರ ಬಾಯಲ್ಲಿ ಆಗ ಸೂಜಿಗಳಿದ್ದವು. ಸುಮ್ಮನೆ ತಲೆಯಾಡಿಸಿದರು.

ಅದೇ ಸಮಯಕ್ಕೆ ಆಲೂರಿನಲ್ಲಿ ಟೀಚರ ತಂಗಿಯ ಮಗಳ ಸೀಮಂತ ಬಂತು. ಮೂರು ದಿನ ಅವರಿರುವುದಿಲ್ಲ, ಮದ್ದು ಬೇಯಿಸುವ ಕೆಲಸ ನನ್ನ ಪಾಲಿಗೆ. ಸೀರೆಗೆ ಇಸ್ತ್ರಿ ಹಾಕುತ್ತಾ ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಕೈಗೆ ಸಿಕ್ಕಿದ್ದು ನನ್ನ ಪಾಠ ಟಿಪ್ಪಣಿಯ ಪುಸ್ತಕ. ಮೇಷ್ಟ್ರ ಟ್ರೈನಿಂಗ್ ಮುಗಿಸಿ ವರ್ಷವೂ ಆಗಿರಲಿಲ್ಲ. ಏನು ಬರೆದರೂ ಪಾಠದ ಕ್ರಮದಲ್ಲೇ ಬರೆಯುವ ಅಭ್ಯಾಸ ಕೈಗೆ ಅಂಟಿಕೊಂಡಿತ್ತು. ಮೇಲೆ ದುಂಡಗೆ ಶೀರ್ಷಿಕೆ: ಹೆಡ್‌ಮಾಸ್ಟರ್. ಉದ್ದೇಶ: ಹೂ ಬಿಡುವ ಮೊದಲೇ ಹೆಡ್‌ಮಾಸ್ಟರನ್ನು ಮುಗಿಸುವುದು. ಬೋಧನೋಪಕರಣಗಳು: ಕತ್ತರಿ, ಒರಳು, ದಪ್ಪ ತಳದ ಪಾತ್ರೆ. ಮೊದಲ ಹಂತ, ಹೆಡ್‌ಮಾಸ್ಟರನ್ನು ಬುಡಸಮೇತ ಕೀಳುವುದು. ಎರಡನೇ ಹಂತ, ತಲೆ ಕತ್ತರಿಸಿ ಎಸೆದು, ಮೈಯನ್ನು ಮೂರು ನೀರಿನಲ್ಲಿ ತೊಳೆದು ಜಜ್ಜುವುದು. ಮೂರನೇ ಹಂತ, ನಾಲ್ಕು ಲೋಟ ನೀರು ಒಂದು ಲೋಟ ಆಗುವವರೆಗೆ ಕುದಿಸುವುದು. ಮೌಲ್ಯಮಾಪನ: ನೆಕ್ಕಿ ನೋಡುವುದು. ಮನೆಗೆಲಸ: ಉಳಿದ ಹೆಡ್‌ಮಾಸ್ಟರ್‌ಗಳನ್ನು ನೆರಳಿನಲ್ಲಿ ನೇತುಹಾಕುವುದು.

ಪಾಠ ಟಿಪ್ಪಣಿಯ ಪುಸ್ತಕ ಪ್ರತಿ ಸೋಮವಾರ ಹೆಡ್‌ಮಾಸ್ಟರ ಸಹಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನೇ ಹೋಗಿ ಮೇಜಿನ ಮೇಲಿಟ್ಟು ಬಂದೆ.

ಸೋಮವಾರ ಮಧ್ಯಾಹ್ನ ಟೀಚರ್ ಸೀಮಂತದ ಲಾಡು ಹಿಡಿದು ನಗುತ್ತಾ ಬಸ್ಸಿಳಿದು ಬರುವ ಹೊತ್ತಿಗೆ ಹೆಡ್‌ಮಾಸ್ಟರು ಆಫೀಸ್ ರೂಮಿನಲ್ಲಿ ನನ್ನನ್ನು ನಿಲ್ಲಿಸಿಕೊಂಡಿದ್ದರು. ಇದು ಯಾರ ಕೈಬರಹ ಎಂದು ಅವರು ಕೇಳುವುದು, ನಾನು ಬಿಕ್ಕುವುದು, ಇಷ್ಟೇ ಅರ್ಧ ಗಂಟೆಯಿಂದ ನಡೆದಿತ್ತು. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದವಳು, ಒಂದು ಕೆಟ್ಟ ವರದಿ ಸಾಕಿತ್ತು ಮನೆಗೆ ಹೋಗಲು. ಟೀಚರ್ ಪುಸ್ತಕ ಎತ್ತಿಕೊಂಡು ಓದಿದರು. ಮೂರನೇ ಹಂತಕ್ಕೆ ಬಂದಾಗ ಅವರ ಹೊಟ್ಟೆ ಕುಲುಕಿದ್ದು ನನಗೆ ಕಂಡಿತು. ಆದರೂ ಮುಖ ಗಟ್ಟಿ ಮಾಡಿಕೊಂಡು, “ಬರ್ದಿದ್ದು ಅವಳ ಕೈ ಇರ್ಬೌದು ಸಾರ್, ಹೇಳಿದ್ದು ನನ್ ಬಾಯಿ. ಅವಳನ್ನ ಬುಟ್ಟುಬುಡಿ” ಎಂದರು.

ಅದು ಮನುಷ್ಯನಲ್ಲ, ಗಿಡ ಎಂದು ವಿವರಿಸಿದರು. ಹೆಡ್‌ಮಾಸ್ಟರೂ ಕಲ್ಲಿನ ಮನುಷ್ಯರಲ್ಲ. ಸರಿ, ಗಿಡವಾದರೆ ಗಿಡಕ್ಕೊಂದು ಹೆಸರಿರಬೇಕಲ್ಲ, ಅದನ್ನು ಹೇಳಿಬಿಡಿ, ಈ ಹಾಳೆಯನ್ನು ಈಗಲೇ ಹರಿದು ಹಾಕುತ್ತೇನೆ ಎಂದರು. ಟೀಚರ್ ಬಾಯಿ ತೆರೆದರು. ಹೆಡ್‌ಮಾಸ್ಟರ ಮುಖವನ್ನೇ ಒಂದು ಗಳಿಗೆ ನೋಡಿದರು. ಮತ್ತೆ ಬಾಯಿ ಮುಚ್ಚಿಕೊಂಡರು. ಆ ಬಾಯಿ ಸೂಜಿಯಿಲ್ಲದೆ ತಾನಾಗಿಯೇ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಅದೊಂದು ಕೇಳ್ಬೇಡಿ ಸಾರ್” ಎಂದರು.

ದೂರು ಅವತ್ತೇ ಸಕಲೇಶಪುರದ ಶಿಕ್ಷಣ ಇಲಾಖೆಯ ಆಫೀಸಿಗೆ ಹೋಯಿತು. ಸದರಿ ಶಿಕ್ಷಕಿಯು ನನ್ನನ್ನು ಬುಡಸಮೇತ ಕಿತ್ತು, ಜಜ್ಜಿ, ಕುದಿಸುವ ಉದ್ದೇಶ ಹೊಂದಿದ್ದು, ಗಿಡವೆಂದು ಹೇಳುತ್ತಿದ್ದರೂ ಗಿಡದ ಹೆಸರು ಹೇಳಲು ನಿರಾಕರಿಸಿರುತ್ತಾರೆ, ಆದ್ದರಿಂದ ಇವರನ್ನು ಬಯಲುಸೀಮೆಯ ಕಡೆಗೆ ವರ್ಗಾಯಿಸಬೇಕಾಗಿ ಪ್ರಾರ್ಥನೆ. ಮುಂದಿನ ವಾರವೇ ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬರು ವಿಚಾರಣೆಗೆ ಬರುತ್ತಾರೆಂದು ಉತ್ತರವೂ ಬಂತು.

ನನಗೆ ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಅವರ ಮೇಲೇ ಸಿಟ್ಟು. ಒಂದು ಹೆಸರು ಹೇಳಿದರೆ ಮುಗಿದು ಹೋಗುವುದಕ್ಕೆ ಇಷ್ಟು ಹಟವೇ? ಈ ಮದ್ದು ಕುಡಿಯುತ್ತಿರುವವರು ಒಬ್ಬರಿದ್ದಾರೆ, ಅವರ ದಿನ ಇನ್ನೂ ಮುಗಿದಿಲ್ಲ, ಹೆಸರು ಅವರ ಕಿವಿಗೆ ಬಿದ್ದರೆ ಅಷ್ಟು ದಿನದ ಕಹಿಯೂ ದಂಡ ಎಂದರು ಟೀಚರ್. ಯಾರು ಅವರು ಎಂದರೆ ಸೂಜಿ ಕಚ್ಚಿಕೊಂಡರು. ನಾನು ಕೂಗಾಡಿದೆ. ಯಾರೋ ಒಬ್ಬರ ಕಷಾಯಕ್ಕಾಗಿ ಹನ್ನೊಂದು ವರ್ಷದ ಹಿತ್ತಲನ್ನು ಬಿಟ್ಟು ಹೋಗುತ್ತೀರಾ, ನಮ್ಮ ಅರಸೀಕೆರೆಯ ಬಿಸಿಲಲ್ಲಿ ಇದರಲ್ಲಿ ಒಂದು ಗಿಡವೂ ಬದುಕುವುದಿಲ್ಲ ಎಂದೆ. ಮಾರನೇ ದಿನ ನೋಡುತ್ತೇನೆ, ಪ್ರತಿ ಗಿಡಕ್ಕೂ ಒಂದೊಂದು ಬಣ್ಣದ ನೂಲು ಕಟ್ಟಿದ್ದಾರೆ. ಯಾವ ಗಿಡ ಯಾರ ಮನೆಗೆ ಕೊಟ್ಟು ಹೋಗಬೇಕೆಂಬ ಗುರುತು. ನನಗೆಂದು ಕೆಂಪು ನೂಲು ಕಟ್ಟಿದ್ದು ಪುದೀನಕ್ಕೆ. ಆ ನೂಲು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು, ಅವರಿಲ್ಲದ ಆ ಶಾಲೆಯಲ್ಲಿ ನಾನು ಇರಲಾರೆ ಎನಿಸಿತು.

ವಿಚಾರಣೆಯ ದಿನ ಸಾಹೇಬರು ಜೀಪಿನಲ್ಲಿ ಬಂದರು. ಆಜಾನುಬಾಹು, ದಪ್ಪ ಮೀಸೆ, ಆಲೂರು ಕಡೆಯ ರೈತರ ಮನೆಯವರು. ಆಫೀಸ್ ರೂಮಿನಲ್ಲಿ ಇದ್ದವರು ನಾವು ನಾಲ್ಕೇ ಜನ: ಅವರು, ಹೆಡ್‌ಮಾಸ್ಟರು, ಟೀಚರ್ ಮತ್ತು ಸಾಕ್ಷಿಯಾಗಿ ನಾನು. ಸಾಹೇಬರು ನನ್ನ ಪಾಠ ಟಿಪ್ಪಣಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಮನೆಗೆಲಸಕ್ಕೆ ಬರುವಾಗ ಮೀಸೆ ಅದುರಿತು. ಆದರೂ ಹುದ್ದೆಯ ಗಾಂಭೀರ್ಯ ಬಿಡದೆ, ಗಿಡದ ಹೆಸರು ಹೇಳಿ ಎಂದು ಟೀಚರನ್ನು ಮೂರು ಸಲ ಕೇಳಿದರು. ಮೂರು ಸಲವೂ ಟೀಚರ್ ನೆಲ ನೋಡಿದರು. ಹಾಗಾದರೆ ನಾನು ವರ್ಗಾವಣೆಗೆ ಬರೆಯಲೇಬೇಕಾಗುತ್ತದೆ ಎಂದು ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಆಗ ನಾನು ಎದ್ದೆ. ಹೇಗೆ ಎದ್ದೆನೋ ಇವತ್ತಿಗೂ ತಿಳಿಯದು. ಬನ್ನಿ ಸಾರ್, ಗಿಡ ನಾನು ತೋರಿಸುತ್ತೇನೆ ಎಂದವಳೇ ಹಿತ್ತಲ ಕಡೆ ಓಡಿದೆ. ಸಾಹೇಬರು ನನ್ನ ಹಿಂದೆ, ಅವರ ಹಿಂದೆ ಹೆಡ್‌ಮಾಸ್ಟರು, ಎಲ್ಲರ ಹಿಂದೆ ಟೇಪು ಹಾರಿಸಿಕೊಂಡು “ಬ್ಯಾಡ ಕಣೇ, ಬ್ಯಾಡ” ಎನ್ನುತ್ತಾ ಟೀಚರ್. ನಾನು ಗಿಡದ ಮುಂದೆ ನಿಂತು, ಇದೇ ಸಾರ್ ಹೆಡ್‌ಮಾಸ್ಟರು ಎಂದೆ. ಸಾಹೇಬರು ಬಗ್ಗಿ ಒಂದು ಎಲೆ ಚಿವುಟಿ ಬಾಯಿಗೆ ಹಾಕಿಕೊಂಡರು. ಮುಖ ಹಿಂಡಿ ಹೋಯಿತು. ಥೂ ಎಂದು ಉಗಿದು, “ಅಯ್ಯೋ, ಇದು ನಮ್ಮ...” ಎಂದು ಹೆಸರು ಹೇಳಲು ಬಾಯಿ ತೆರೆದರು.

ಟೀಚರ್ ನೆಗೆದರು. ಆ ದುಂಡು ದೇಹ ಅಷ್ಟು ಎತ್ತರಕ್ಕೆ ಹೋಗಬಲ್ಲದೆಂದು ನಾನು ತಿಳಿದಿರಲಿಲ್ಲ. ಹೋಗಿ, ಬಲಗೈಯನ್ನು ಸಾಹೇಬರ ಬಾಯಿಯ ಮೇಲೆ, ಮೀಸೆ ಸಮೇತ, ಗಟ್ಟಿಯಾಗಿ ಒತ್ತಿ ಹಿಡಿದರು. ಸರ್ಕಾರಿ ಅಧಿಕಾರಿಯ ಬಾಯಿ! ನನ್ನ ಕೆಲಸ, ಅವರ ಕೆಲಸ, ಎಲ್ಲ ಒಟ್ಟಿಗೇ ಹೋಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ.

“ತಪ್ಪಾಯ್ತು ಸಾರ್, ನನ್ನ ಎಲ್ಲಿಗ್ ಬೇಕಾದ್ರೂ ಹಾಕಿ, ಹೋಯ್ತೀನಿ” ಎನ್ನುತ್ತಿದ್ದರು ಟೀಚರ್, ಕೈ ಮಾತ್ರ ತೆಗೆಯದೆ. “ಹೆಸರು ಹೇಳ್ಬುಡಬೇಡಿ. ಇದನ್ನ ಕುಡೀತಿರೋರು ಇಲ್ಲೇ ಅವ್ರೆ. ಅವ್ರ ಕಿವಿಗೆ ಬಿದ್ರೆ ಮೊದಲ್ನೇ ದಿನದಿಂದ ಕುಡೀಬೇಕಾಯ್ತದೆ.”

ನಾನು ಕಣ್ಣು ಬಿಟ್ಟೆ. ಸಾಹೇಬರು, ಬಾಯಿ ಮುಚ್ಚಿಸಿಕೊಂಡೇ, ಕಣ್ಣು ಹೊರಳಿಸಿ ನನ್ನನ್ನು ನೋಡಿದರು. ನಾನಲ್ಲ ಎಂದು ತಲೆಯಾಡಿಸಿದೆ. ಅವರೂ ಅಲ್ಲ, ಟೀಚರೂ ಅಲ್ಲ. ಮೂವರೂ ಒಟ್ಟಿಗೇ ಹೆಡ್‌ಮಾಸ್ಟರ ಕಡೆ ತಿರುಗಿದೆವು. ಅವರು ಗಿಡವನ್ನು ನೋಡಿದರು. ಟೀಚರನ್ನು ನೋಡಿದರು. ಬೆರಳು ಮಡಿಸಿ ಏನೋ ಎಣಿಸಿದರು. ಪೇಟೆಯ ಟಾನಿಕ್ಕು ಹೆಂಡತಿಯ ಕೈಗೆ ಎಲ್ಲಿಂದ ಬರುತ್ತಿತ್ತು ಎಂಬುದು ಆ ಬೆರಳುಗಳ ಮೇಲೆ ಒಂದೊಂದಾಗಿ ಹೊಳೆಯುತ್ತಿದ್ದುದನ್ನು ನಾವು ನಿಂತು ನೋಡಿದೆವು. ಮತ್ತೆ ಎರಡೂ ಅಂಗೈಗಳಿಂದ ತಮ್ಮ ಎರಡೂ ಕಿವಿಗಳನ್ನು ಬಿಗಿಯಾಗಿ ಮುಚ್ಚಿಕೊಂಡರು.

“ದಯವಿಟ್ಟು ಹೇಳ್ಬೇಡಿ ಸಾರ್” ಎಂದರು, ಕಿವಿ ಮುಚ್ಚಿದವರು ಮಾತಾಡುವ ಹಾಗೆ ಊರಿಗೆಲ್ಲ ಕೇಳುವಂತೆ. “ಮೂವತ್ತೊಂಬತ್ತು ದಿನ ಕುಡಿದಿದೀನಿ!”

ಸಾಹೇಬರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನಕ್ಕ ನಗು ಈಗಲೂ ನನ್ನ ಕಿವಿಯಲ್ಲಿದೆ. ಮೀಸೆಗೆಲ್ಲ ಹಸಿರು ಹತ್ತಿತ್ತು. ದೂರಿನ ಹಾಳೆಯನ್ನು ಹೆಡ್‌ಮಾಸ್ಟರ ಕೈಗೇ ವಾಪಸ್ ಕೊಟ್ಟು, ಇನ್ನು ಒಂಬತ್ತು ದಿನ ನಾನು ಏನೂ ಬರೆಯುವುದಿಲ್ಲ, ಮದ್ದು ಮುಗಿಯಲಿ, ಆಮೇಲೆ ಇವರನ್ನು ಇಲ್ಲಿ ಇಟ್ಟುಕೊಳ್ಳುತ್ತೀರೋ ಕಳಿಸುತ್ತೀರೋ ನೀವೇ ತಿಳಿಸಿ ಎಂದರು. ಹೊರಡುವಾಗ ಬಾಯಿಯ ಕಹಿ ಹೋಗಲೆಂದು ಟೀಚರ್ ಕೊಟ್ಟ ಎರಡು ಎಲೆ ಅಗಿಯುತ್ತಾ, ಇದಕ್ಕೇನು ಹೆಸರಿಟ್ಟಿದ್ದೀರಿ ಎಂದು ಕೇಳಿದರು. ಬರೀ ಪುದೀನ ಸಾರ್, ಬರೀ ಪುದೀನ ಎಂದರು ಟೀಚರ್, ಒಂದೇ ಉಸಿರಿಗೆ.

ಆ ಒಂಬತ್ತು ದಿನ ಹೆಡ್‌ಮಾಸ್ಟರು ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲ. ಯಾರಾದರೂ ಗಿಡ, ಸೊಪ್ಪು ಎಂದು ಬಾಯಿ ತೆರೆದರೆ ಎದ್ದು ಹೋಗುತ್ತಿದ್ದರು. ಟೀಚರ್ ನೂಲು ಬಿಚ್ಚಲಿಲ್ಲ. ನಾನು ದಿನಾ ಎಣಿಸುತ್ತಿದ್ದೆ.

ನಲವತ್ತೊಂಬತ್ತನೆಯ ದಿನ ಬೆಳಿಗ್ಗೆ, ಪ್ರಾರ್ಥನೆ ಮುಗಿಸಿ ಮಕ್ಕಳನ್ನು ಒಳಗೆ ಕಳಿಸಿ, ಹೆಡ್‌ಮಾಸ್ಟರು ನೇರವಾಗಿ ಕ್ವಾರ್ಟರ್ಸಿನ ಮುಂಬಾಗಿಲಿಗೆ ಬಂದರು. ಕೈಯಲ್ಲಿ ದೂರಿನ ಹಾಳೆ. ಹಿತ್ತಲಿಗೆ ಹೋಗಿ ಆ ಸಣ್ಣ ಗಿಡದ ಮುಂದೆ ನಿಂತರು. ಈಗ ಹೇಳಬಹುದಲ್ಲ ಎಂದರು. ಟೀಚರ್ ಸುತ್ತ ಒಮ್ಮೆ ನೋಡಿ, ತುದಿಗಾಲಲ್ಲಿ ನಿಂತು, ಅವರ ಕಿವಿಯಲ್ಲಿ ಅದರ ನಿಜವಾದ ಹೆಸರು ಹೇಳಿದರು.

ಹೆಡ್‌ಮಾಸ್ಟರು ಆ ಹೆಸರನ್ನು ಬಾಯೊಳಗೇ ಒಂದೆರಡು ಸಲ ಆಡಿಸಿ ನೋಡಿದರು. ಗಿಡವನ್ನು ಇನ್ನೊಮ್ಮೆ ನೋಡಿದರು. ಅದು ಅವರಿಗೆ ಅಷ್ಟು ಹಿಡಿಸಿದಂತೆ ಕಾಣಲಿಲ್ಲ. ದೂರಿನ ಹಾಳೆಯನ್ನು ಎರಡಾಗಿ, ನಾಲ್ಕಾಗಿ ಹರಿದು ಗಿಡದ ಬುಡಕ್ಕೆ ಹಾಕಿದರು.

“ಅದು ಬ್ಯಾಡ ಟೀಚರ್” ಎಂದರು. “ಹೆಡ್‌ಮಾಸ್ಟ್ರು ಅಂತ್ಲೇ ಇರ್ಲಿ.”